ಓದುಗರ ಪ್ರಶ್ನೆ – ಉತ್ತರ: ಕಟ್ಟಡಗಳ ನಡುವಿನ ಕಾಳಗಕ್ಕೆ ಯಾವ ಗಾಡಿ?

ಈ ಸಂಚಿಕೆಗೆ ಆಯ್ದುಕೊಂಡ ಪತ್ರಗಳೆಲ್ಲ ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳಿಂದ ಬಂದವು ಮತ್ತು ಎಲ್ಲವೂ ಒಂದೇ ಆಟವನ್ನು ಕುರಿತವು. ಬ್ರಿಟನ್ನಿನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಸಂಸ್ಥೆ 2014ರ ಡಿಸೆಂಬರ್‌ನಲ್ಲಿ ಹೊರತಂದ ‘ಎಲೀಟ್ ಡೇಂಜರಸ್’ ನಮ್ಮ ಆಕಾಶಗಂಗೆಯನ್ನೇ ನಿಜ ಗಾತ್ರದಲ್ಲಿ ಆಟದ ಬಯಲಾಗಿ ಮಾಡಿಕೊಂಡಿದೆ. 2015ರ ‘ಹೊರೈಜನ್ಸ್’ ಗ್ರಹಗಳ ನೆಲದ ಮೇಲೆ ಗಾಡಿ ಓಡಿಸುವುದನ್ನು ಸೇರಿಸಿತು. 2021ರ ಮೇ ತಿಂಗಳಿನಲ್ಲಿ ಬಂದ ‘ಒಡಿಸ್ಸಿ’ ಆಟಗಾರನನ್ನು ನೌಕೆಯಿಂದ ಇಳಿಸಿ, ನೆಲೆಗಳ ಕಟ್ಟಡಗಳ ನಡುವೆ ಬಂದೂಕು ಹಿಡಿದು ನಡೆಯುವಂತೆ ಮಾಡಿತು. ಓದುಗರ ತೊಡಕುಗಳು ಬಹುತೇಕ ಈ ಕೊನೆಯ ಭಾಗಕ್ಕೆ ಸಂಬಂಧಿಸಿವೆ.

ಪ್ರಶ್ನೆ: ಸ್ಕಾರಬ್ ಗಾಡಿಯನ್ನು ಬಿಟ್ಟು ಸ್ಕಾರ್ಪಿಯನ್ ತೆಗೆದುಕೊಂಡಿದ್ದೇನೆ. ಬಯಲಿನಲ್ಲಿ ಅದಕ್ಕೆ ಎದುರಿಲ್ಲ. ಆದರೆ ನೆಲೆಯ ಕಟ್ಟಡಗಳ ನಡುವೆ ನುಗ್ಗಿದ ಕೂಡಲೇ ಗಾಡಿ ಛಿದ್ರವಾಗುತ್ತದೆ. ನನ್ನ ಆಯ್ಕೆಯೇ ತಪ್ಪೇ?
– ಓದುಗರು, ಸಂಡೂರು

ಉತ್ತರ: ಆಯ್ಕೆ ತಪ್ಪಲ್ಲ, ಅದನ್ನು ಕೊಂಡೊಯ್ದ ಜಾಗ ತಪ್ಪು. 2021ರ ಡಿಸೆಂಬರ್‌ನಲ್ಲಿ ಆಟಕ್ಕೆ ಬಂದ ಸ್ಕಾರ್ಪಿಯನ್ ಕಾಳಗಕ್ಕೆಂದೇ ರೂಪಿಸಿದ ಗಾಡಿ. ಅದರ ಕವಚ ದಪ್ಪ, ಸರ್ಜ್ ರಿಪೀಟರ್ ಎಂಬ ಗನ್ ಜೊತೆಗೆ ಕ್ಷಿಪಣಿಗಳೂ ಅದರಲ್ಲಿವೆ. ಆದರೆ ಈ ಬಲವೆಲ್ಲ ಕಣ್ಣಿಗೆ ದೂರದವರೆಗೆ ಕಾಣುವ ಬಯಲಿನಲ್ಲಿ ಮಾತ್ರ ಬಲ. ಎರಡು ಕಟ್ಟಡಗಳ ನಡುವೆ ನಿಂತಾಗ ನಿಮಗೆ ಕಾಣುವುದು ಮುಂದಿನ ಮೂವತ್ತು, ನಲವತ್ತು ಮೀಟರು ಅಷ್ಟೇ; ಅದೇ ಹೊತ್ತಿಗೆ ಮಾಳಿಗೆಯ ಮೇಲಿನವರಿಗೆ, ಮೂಲೆಯ ಮರೆಯಲ್ಲಿ ರಾಕೆಟ್ ಲಾಂಚರ್ ಹಿಡಿದು ಕಾದವರಿಗೆ ನಿಮ್ಮ ಇಡೀ ಗಾಡಿ ಕಾಣುತ್ತಿರುತ್ತದೆ. ಹಿಂದಕ್ಕೆ ತಿರುಗಿಸಲು ಅಲ್ಲಿ ಜಾಗವಿಲ್ಲ. ಬಯಲಿನಲ್ಲಿ ತಪ್ಪಿಸಿಕೊಳ್ಳಲು ನೆರವಾಗುವ ವೇಗವೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ನೆಲೆಯ ಹೊರಗೆ, ಸಣ್ಣ ದಿಬ್ಬದ ಮರೆಯಲ್ಲಿ ಗಾಡಿಯನ್ನು ನಿಲ್ಲಿಸಿರಿ. ಅಲ್ಲಿಂದಲೇ ಅಂಚಿನ ಕಾವಲುಗಾರರನ್ನು, ನಿಮ್ಮ ಗುರಿಗೆ ಸಿಗುವ ಸ್ವಯಂಚಾಲಿತ ಗನ್‌ಗಳನ್ನು ಮುಗಿಸಿರಿ. ಬಳಿಕ ಗಾಡಿಯ ಮೂತಿಯನ್ನು ನೆಲೆಗೆ ಬೆನ್ನಾಗಿ, ಹೊರದಾರಿಗೆ ಮುಖವಾಗಿ ತಿರುಗಿಸಿಟ್ಟು ಕೆಳಗಿಳಿಯಿರಿ. ಹೊಸಬರು ಗಮನಿಸದ ಸಂಗತಿಯೊಂದು ಇಲ್ಲಿದೆ. ನೀವು ತೊಟ್ಟ ಅಂತರಿಕ್ಷ ಸೂಟ್‌ನ ಶೀಲ್ಡ್, ಅಂದರೆ ಮೈಸುತ್ತಲಿನ ಶಕ್ತಿಯ ಕವಚ, ಚಾಲೂ ಇದ್ದಷ್ಟು ಹೊತ್ತೂ ಬ್ಯಾಟರಿ ಕರಗುತ್ತಿರುತ್ತದೆ, ಕಾಳಗ ಬೆಳೆದಂತೆ ಅದನ್ನು ತುಂಬಲು ಜೇಬಿನಲ್ಲಿರುವ ಎನರ್ಜಿ ಸೆಲ್‌ಗಳೂ ಮುಗಿಯುತ್ತವೆ. ಆಗ ಗಾಡಿಯ ಸೀಟಿನಲ್ಲಿ ಕೂತರೆ ಸೂಟ್ ಮತ್ತೆ ಚಾರ್ಜ್ ಆಗುತ್ತದೆ. ಎಂದರೆ ಗಾಡಿಯನ್ನು ಎಲ್ಲಿ ನಿಲ್ಲಿಸಿದ್ದೀರಿ ಎಂಬುದೇ ನೀವು ಎಷ್ಟು ಹೊತ್ತು ಹೋರಾಡಬಲ್ಲಿರಿ ಎಂಬುದನ್ನು ನಿರ್ಧರಿಸುತ್ತದೆ. ಗಾಡಿಯನ್ನು ಆಯುಧವೆಂದು ಮಾತ್ರ ಎಣಿಸುವವರು ಅದನ್ನು ಮೊದಲ ಐದು ನಿಮಿಷದಲ್ಲೇ ಕಳೆದುಕೊಂಡು, ಉಳಿದ ಕಾಳಗವನ್ನು ಬರಿದಾದ ಬ್ಯಾಟರಿಯಲ್ಲಿ ನಡೆಸಬೇಕಾಗುತ್ತದೆ.

ಸ್ಕಾರಬ್ಬನ್ನು ಮಾತ್ರ ದಯವಿಟ್ಟು ಮಾರಬೇಡಿ. ನೆಲದ ಮೇಲಿನ ವಸ್ತುಗಳ ಸುಳಿವು ಹಿಡಿಯುವ ವೇವ್ ಸ್ಕ್ಯಾನರ್ ಇರುವುದು ಅದರಲ್ಲಿ, ಸ್ಕಾರ್ಪಿಯನ್ನಿನಲ್ಲಿ ಅದಿಲ್ಲ. ನೌಕೆಯೊಳಗೆ ಗಾಡಿಗಳನ್ನಿಡುವ ವಾಹನ ಹ್ಯಾಂಗರಿನಲ್ಲಿ ನಾಲ್ಕನೆಯ ಗಾತ್ರದ್ದು ಎರಡು ಗಾಡಿಗಳನ್ನು, ಆರನೆಯ ಗಾತ್ರದ್ದು ನಾಲ್ಕು ಗಾಡಿಗಳನ್ನು ಹಿಡಿಯುವುದರಿಂದ ಎರಡನ್ನೂ ಜೊತೆಗೆ ಒಯ್ಯಬಹುದು.

ನೀವು ಸಂಡೂರಿನವರಾದ್ದರಿಂದ ಗುರುತ್ವದ ಮಾತನ್ನು ಸುಲಭವಾಗಿ ಹೇಳಬಹುದು. ಗಣಿಯ ಇಳಿಜಾರಿನಲ್ಲಿ, ಸಡಿಲವಾದ ಕೆಂಪು ಹುಡಿಯ ಮೇಲೆ ಟಿಪ್ಪರ್ ಬ್ರೇಕ್ ಹಾಕಿದ ಮೇಲೂ ಹೇಗೆ ಜಾರುತ್ತಾ ಹೋಗುತ್ತದೆಯೋ, ಕಡಿಮೆ ಗುರುತ್ವದ ಚಂದ್ರಗಳ ಮೇಲೆ ಈ ಗಾಡಿಗಳೂ ಹಾಗೆಯೇ ಜಾರುತ್ತವೆ. ಚಕ್ರದ ಹಿಡಿತ ಗಾಡಿಯ ತೂಕವನ್ನು ಅವಲಂಬಿಸಿದೆ. ಗುರುತ್ವ ಹತ್ತನೆಯ ಒಂದು ಭಾಗಕ್ಕೆ ಇಳಿದರೆ ತೂಕ, ಹಿಡಿತ ಎರಡೂ ಅಷ್ಟೇ ಇಳಿಯುತ್ತವೆ, ಆದರೆ ಓಡುವ ಗಾಡಿಯ ದ್ರವ್ಯರಾಶಿ ಮಾತ್ರ ಇದ್ದಷ್ಟೇ ಇರುತ್ತದೆ. ಭೂಮಿಯಲ್ಲಿ 30 ಮೀಟರಿನೊಳಗೆ ನಿಲ್ಲುವ ಗಾಡಿಗೆ ಅಲ್ಲಿ 300 ಮೀಟರು ಬೇಕು ಎಂಬುದು ಭೌತಶಾಸ್ತ್ರದ ನೇರ ಲೆಕ್ಕ. ನೆಲೆಯ ಕಡೆಗೆ ಹೋಗುವಾಗ ವೇಗವನ್ನು ಬಹಳ ಮುಂಚೆಯೇ ಇಳಿಸಿರಿ. ವೇಗವನ್ನು ತಾನಾಗಿಯೇ ಕಾಯ್ದುಕೊಳ್ಳುವ ಡ್ರೈವ್ ಅಸಿಸ್ಟನ್ನು ಆಫ್ ಮಾಡಿ ಓಡಿಸಿದರೆ ಗಾಡಿ ಕೈಗೆ ಹೆಚ್ಚು ಸಿಗುತ್ತದೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನಿಜವಾದ ಯುದ್ಧಗಳಲ್ಲಿ ಟ್ಯಾಂಕುಗಳು ನಗರದೊಳಗೆ ನುಗ್ಗುತ್ತವಲ್ಲ? ಆಟದಲ್ಲಿ ಗಾಡಿಗಳನ್ನು ಇಷ್ಟು ದುರ್ಬಲವಾಗಿ ಮಾಡಿದ್ದು ಸರಿಯೇ?
– ಓದುಗರು, ಗಂಗಾವತಿ

ಉತ್ತರ: ನುಗ್ಗುತ್ತವೆ ನಿಜ, ಆದರೆ ಕಾಲಾಳುಗಳಿಲ್ಲದೆ ನುಗ್ಗಿದವು ಉಳಿಯುವುದು ಅಪರೂಪ. 1994ರ ಡಿಸೆಂಬರ್ 31ರಂದು ರಷ್ಯಾದ ಸೇನೆ ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯನ್ನು ಪ್ರವೇಶಿಸಿದಾಗ, ಮೈಕೋಪ್ ಬ್ರಿಗೇಡ್ ಎಂದು ಹೆಸರಾದ 131ನೆಯ ಬ್ರಿಗೇಡ್ ರೈಲು ನಿಲ್ದಾಣದವರೆಗೆ ಹೋಗಿ ಅಲ್ಲಿ ಸುತ್ತುವರಿಯಲ್ಪಟ್ಟು ತನ್ನ ಬಹುಪಾಲು ಟ್ಯಾಂಕುಗಳನ್ನು, ಕವಚದ ಗಾಡಿಗಳನ್ನು ಕಳೆದುಕೊಂಡಿತು. ಚೆಚೆನ್ ಹೋರಾಟಗಾರರು ನೆಲಮಾಳಿಗೆಗಳಿಂದಲೂ ಮೇಲಂತಸ್ತುಗಳಿಂದಲೂ ರಾಕೆಟ್ ಹಾರಿಸುತ್ತಿದ್ದರು. ಟ್ಯಾಂಕಿನ ಕೊಳವೆಯನ್ನು ಅಷ್ಟು ಮೇಲಕ್ಕೆ ಎತ್ತಲೂ ಆಗುತ್ತಿರಲಿಲ್ಲ, ಅಷ್ಟು ಕೆಳಕ್ಕೆ ಬಾಗಿಸಲೂ ಆಗುತ್ತಿರಲಿಲ್ಲ. ವಿಮಾನಗಳನ್ನು ಹೊಡೆಯಲೆಂದು ಮಾಡಿದ ಶಿಲ್ಕಾ ಮತ್ತು ತುಂಗುಸ್ಕಾ ಗಾಡಿಗಳನ್ನು, ಅವುಗಳ ಗನ್ ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಏಳುತ್ತದೆಂಬ ಕಾರಣಕ್ಕೆ, ಬಳಿಕ ಟ್ಯಾಂಕುಗಳ ಜೊತೆಗೆ ಕಳಿಸಬೇಕಾಯಿತು. ಕಾಲಾಳುಗಳು ಕಟ್ಟಡದಿಂದ ಕಟ್ಟಡಕ್ಕೆ ಮುಂದೆ ಸಾಗಿ, ಗಾಡಿಗಳು ಅವರ ಹಿಂದೆ ಬರುವ ಕ್ರಮವೇ ಅಲ್ಲಿ ನಡೆಯಿತು. ಆಟವನ್ನು ರಚಿಸಿದವರು ಗ್ರೋಜ್ನಿಯನ್ನು ಮನಸ್ಸಿನಲ್ಲಿಟ್ಟಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಗಾಡಿಯನ್ನು ಕಟ್ಟಡಗಳ ನಡುವೆ ದುರ್ಬಲವಾಗಿ ಮಾಡಿದ್ದು ವಾಸ್ತವಕ್ಕೆ ಹತ್ತಿರವಾಗಿಯೇ ಇದೆ.

ಪ್ರಶ್ನೆ: ಕಾಲ್ನಡಿಗೆಯ ಕಾಳಗಕ್ಕೆ ಯಾವ ಸೂಟ್, ಯಾವ ಬಂದೂಕು?
– ವಿದ್ಯಾರ್ಥಿ, ಬಳ್ಳಾರಿ ನಗರ

ಉತ್ತರ: ಕಾಳಗವೊಂದೇ ಉದ್ದೇಶವಾದರೆ ಡಾಮಿನೇಟರ್ ಸೂಟ್. ಎರಡು ದೊಡ್ಡ ಬಂದೂಕು, ಒಂದು ಪಿಸ್ತೂಲು ಒಯ್ಯಲು ಬಿಡುವುದು ಅದೊಂದೇ, ಮತ್ತು ಈ ಎರಡನೆಯ ಬಂದೂಕಿನಲ್ಲೇ ಎಲ್ಲ ಗುಟ್ಟೂ ಇದೆ. ಲೇಸರ್ ಶೀಲ್ಡನ್ನು ಬೇಗ ಒಡೆಯುತ್ತದೆ, ಮೈಕವಚಕ್ಕೆ ಅದರಿಂದ ಹೆಚ್ಚು ಹಾನಿಯಿಲ್ಲ. ಗುಂಡು ಹಾರಿಸುವ ಬಂದೂಕಿನದು ಇದಕ್ಕೆ ತದ್ವಿರುದ್ಧ. ಆದ್ದರಿಂದ ಅಫೀಲಿಯನ್ ಲೇಸರ್ ರೈಫಲ್ಲಿನಿಂದ ಆರಂಭಿಸಿ, ಎದುರಾಳಿಯ ಮೈಸುತ್ತಲಿನ ಶೀಲ್ಡ್ ಆರಿದ ಕ್ಷಣವೇ ಕರ್ಮ ಎಆರ್-50ಕ್ಕೆ ಬದಲಾಯಿಸಿರಿ. ಬದಲಾಯಿಸುವ ಅರೆಕ್ಷಣದಲ್ಲಿ ನೀವು ಬರಿಗೈ ಇದ್ದಂತೆ. ಆದ್ದರಿಂದ ಅದನ್ನು ಗೋಡೆಯ ಅಥವಾ ಪೆಟ್ಟಿಗೆಯ ಮರೆಯಲ್ಲಿಯೇ ಮಾಡಬೇಕು. ಪ್ಲಾಸ್ಮಾ ಬಂದೂಕುಗಳು ಶೀಲ್ಡಿಗೂ ಕವಚಕ್ಕೂ ಸಾಧಾರಣವಾಗಿ ಸಲ್ಲುತ್ತವೆ, ಆದರೆ ಅವುಗಳ ಗುಂಡು ನಿಧಾನ, ಓಡುವವನ ಮುಂದಕ್ಕೆ ಗುರಿಯಿಡಬೇಕಾಗುತ್ತದೆ.

ಕಟ್ಟಡದ ಬಾಗಿಲನ್ನು ನಾನು ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆಯಿಂದ ದಾಟುತ್ತೇನೆ. ಏರ್‌ಲಾಕಿನ ಹೊರಬಾಗಿಲು ಮುಚ್ಚಿ ಒಳಬಾಗಿಲು ತೆರೆಯುವವರೆಗಿನ ಆ ಕೆಲವು ಕ್ಷಣಗಳಲ್ಲಿ ನಿಮ್ಮನ್ನು ಯಾರೂ ಹೊಡೆಯಲಾರರು. ಬಂದೂಕು ತುಂಬಿಸಿಕೊಳ್ಳಿ, ಶೀಲ್ಡ್ ಚಾಲೂ ಮಾಡಿ, ಬಾಗಿಲಿನ ನಡುವೆ ನಿಲ್ಲದೆ ಬದಿಯ ಗೋಡೆಗೆ ಒತ್ತಿ ನಿಲ್ಲಿ. ಬಾಗಿಲು ತೆರೆದಾಗ ಮೊದಲು ಒಳಹೋಗಬೇಕಾದದ್ದು ಶೀಲ್ಡ್ ಕೆಡಿಸುವ ಗ್ರೆನೇಡ್, ನೀವಲ್ಲ. ಇಕ್ಕಟ್ಟಿನ ಕೋಣೆಗಳಿಗೆ ಇಂಟಿಮಿಡೇಟರ್ ಎಂಬ ಪ್ಲಾಸ್ಮಾ ಶಾಟ್‌ಗನ್ ಚೆನ್ನ. ಸೂಟ್ ಮತ್ತು ಬಂದೂಕುಗಳಿಗೆ ಒಂದರಿಂದ ಐದರವರೆಗೆ ದರ್ಜೆಗಳಿವೆ. ಪಯನೀರ್ ಸಪ್ಲೈಸ್ ಅಂಗಡಿಗಳಲ್ಲಿ ಮೇಲಿನ ದರ್ಜೆಯ ಸರಕು ಆಗಾಗ ಸಿದ್ಧವಾಗಿಯೇ ಸಿಗುವುದರಿಂದ ಹೋದ ಊರಲ್ಲೆಲ್ಲ ಒಮ್ಮೆ ನೋಡುವುದು ಒಳ್ಳೆಯದು. ಒಂದು ಎಚ್ಚರಿಕೆ: ಕಡಿಮೆ ಗುರುತ್ವದಲ್ಲಿ ಜೆಟ್‌ಪ್ಯಾಕಿನಿಂದ ಜಿಗಿದರೆ ಕೆಳಗಿಳಿಯಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ನೀವು ಮರೆಯಿಲ್ಲದ ಗುರಿಯಾಗಿರುತ್ತೀರಿ.

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ಕೂಡಿ ಆಡುತ್ತೇವೆ. ನೆಲೆಯೊಳಗೆ ಸೇರುವಷ್ಟರಲ್ಲಿ ಅಲಾರಂ ಬಡಿದು ಎಲ್ಲ ಕೆಡುತ್ತದೆ. ಕೆಲಸವನ್ನು ಹೇಗೆ ಹಂಚಿಕೊಳ್ಳಬೇಕು?
– ಓದುಗರು, ಕುಷ್ಟಗಿ

ಉತ್ತರ: ಇಬ್ಬರೂ ಒಂದೇ ಬಗೆಯ ಸೂಟ್ ತೊಡುವುದನ್ನು ಮೊದಲು ನಿಲ್ಲಿಸಿರಿ. ಒಬ್ಬರು ಮಾವರಿಕ್ ಸೂಟ್ ತೊಟ್ಟು ಒಳಗೆ ಹೋಗಲಿ. ಫಲಕಗಳನ್ನು ಕೊರೆಯುವ ಆರ್ಕ್ ಕಟರ್ ಇರುವುದು ಅದರಲ್ಲಿ ಮಾತ್ರ. ಆಯುಧವನ್ನು ಕೈಯಲ್ಲಿ ಹಿಡಿಯದೆ, ಕಾವಲುಗಾರ ಸ್ಕ್ಯಾನ್ ಮಾಡುವಾಗ ಓಡಿಹೋಗದೆ ಸಾವಧಾನವಾಗಿ ನಡೆದರೆ ಸಾರ್ವಜನಿಕ ಭಾಗದಲ್ಲಿ ಯಾರೂ ತಡೆಯುವುದಿಲ್ಲ. ನಿರ್ಬಂಧಿತ ಕೋಣೆಗಳಿಗೆ ಅಧಿಕಾರದ ಮಟ್ಟ ಸಾಲದಿದ್ದಾಗ, ಮೇಲಿನ ಮಟ್ಟದ ಸಿಬ್ಬಂದಿಯೊಬ್ಬರ ಗುರುತನ್ನು ಪ್ರೊಫೈಲ್ ಅನಲೈಜರಿನಿಂದ ನಕಲು ಮಾಡಿಕೊಳ್ಳಬೇಕು. ನಕಲು ಮಾಡುವಾಗ ಬೇರೆ ಯಾರ ಕಣ್ಣಿಗೂ ಬೀಳಬಾರದು.

ಅಲ್ಲಿಂದ ನೇರ ವಿದ್ಯುತ್ ಕಟ್ಟಡಕ್ಕೆ. ರಿಯಾಕ್ಟರಿನ ಪವರ್ ರೆಗ್ಯುಲೇಟರನ್ನು ಹೊರತೆಗೆದರೆ ಇಡೀ ನೆಲೆಯ ದೀಪ, ಅಲಾರಂ, ಸ್ವಯಂಚಾಲಿತ ರಕ್ಷಣೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಕಾವಲುಗಾರರ ಬಂದೂಕುಗಳು ನಿಲ್ಲುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಆ ಹೊತ್ತಿಗೆ ಡಾಮಿನೇಟರ್ ತೊಟ್ಟ ಇನ್ನೊಬ್ಬರು ಅದೇ ಕಟ್ಟಡದ ಬಾಗಿಲು ಕಾಣುವ ಮರೆಯಲ್ಲಿ ಇರಬೇಕು. ಗಾಡಿ ಹೊರಗೆ ದಿಬ್ಬದ ಮರೆಯಲ್ಲಿ ಇರುತ್ತದೆ, ನೌಕೆಯನ್ನು ಮೊದಲೇ ಮೇಲಕ್ಕೆ ಕಳಿಸಿರುತ್ತೀರಿ. ನೆಲೆ ನಿಮಗೆ ವೈರಿಯಾದ ಮೇಲೆ ಅಂಗಳದಲ್ಲಿ ನಿಂತ ನೌಕೆಗೆ ಉಳಿಗಾಲವಿಲ್ಲ.

ಪ್ರಶ್ನೆ: ಇದನ್ನೆಲ್ಲ ಪ್ಲೇಸ್ಟೇಷನ್‌ನಲ್ಲಿ ಆಡಬಹುದೇ?
– ಓದುಗರು, ಮಾನ್ವಿ

ಉತ್ತರ: ಆಗುವುದಿಲ್ಲ. ‘ಒಡಿಸ್ಸಿ’ಯನ್ನು ಕನ್ಸೋಲುಗಳಿಗೆ ತರುವ ಕೆಲಸವನ್ನು ಸಂಸ್ಥೆ 2022ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಕನ್ಸೋಲಿನಲ್ಲಿ ಸ್ಕಾರಬ್ ಓಡಿಸಬಹುದು, ಕೆಳಗಿಳಿದು ನಡೆಯುವಂತಿಲ್ಲ.

ಪ್ರಶ್ನೆ: ಅಂತರಿಕ್ಷದಲ್ಲಿ ಆಟ ಸರಾಗವಾಗಿ ಓಡುತ್ತದೆ, ನೆಲೆಯ ಕಾಳಗದಲ್ಲಿ ಮಾತ್ರ ಚಿತ್ರ ತಡೆತಡೆದು ಬರುತ್ತದೆ. ನಮ್ಮೂರ ಬೇಸಿಗೆಯಲ್ಲಿ ಇದು ಇನ್ನೂ ಹೆಚ್ಚು. ಮಧ್ಯದಲ್ಲಿ ಕರೆಂಟ್ ಹೋದರೆ ಎಲ್ಲ ನಷ್ಟ. ಪರಿಹಾರವಿದೆಯೇ?
– ಓದುಗರು, ರಾಯಚೂರು

ಉತ್ತರ: ಖಾಲಿ ಆಕಾಶವನ್ನು ಬಿಡಿಸುವುದು ಕಂಪ್ಯೂಟರಿಗೆ ಹಗುರ, ಕಟ್ಟಡ, ನೆರಳು, ಹತ್ತಾರು ಜನರ ಚಲನೆ ಒಟ್ಟಿಗೆ ಬಂದಾಗ ಭಾರ. ಕೋಣೆಯ ಉಷ್ಣತೆ ಏರಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗ ಇಳಿಸಿಕೊಳ್ಳುವುದರಿಂದ ಏಪ್ರಿಲ್, ಮೇ ತಿಂಗಳಿನಲ್ಲಿ ತೊಂದರೆ ಹೆಚ್ಚುವುದು ಸಹಜ. ನೆರಳಿನ ಗುಣಮಟ್ಟವನ್ನು ತಗ್ಗಿಸಿ, ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಪರದೆಗೆ ಹಿಗ್ಗಿಸುವ ಎಫ್‌ಎಸ್‌ಆರ್ ಆಯ್ಕೆಯನ್ನು ಚಾಲೂ ಮಾಡಿ, ಫ್ರೇಮ್ ದರಕ್ಕೆ ಮಿತಿ ಹಾಕಿರಿ. ಮಿತಿ ಹಾಕಿದರೆ ಬಿಸಿಯೂ ಇಳಿಯುತ್ತದೆ. ಆಯುಧದ ಆಯ್ಕೆಯಲ್ಲೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಿತ್ರ ತಡೆಯುವಾಗ ಪ್ಲಾಸ್ಮಾ ಗುಂಡಿಗೆ ಮುಂಗುರಿ ಹಿಡಿಯುವುದು ಕಷ್ಟ, ಗುರಿಯಿಟ್ಟ ಕಡೆಗೇ ತಕ್ಷಣ ತಗಲುವ ಲೇಸರ್ ನಿಮಗೆ ಹೆಚ್ಚು ಅನುಕೂಲ.

ಈ ಆಟಕ್ಕೆ ಒಬ್ಬರೇ ಆಡುವ ಸೋಲೋ ವಿಧಾನದಲ್ಲೂ ಇಂಟರ್ನೆಟ್ ಬೇಕೇ ಬೇಕು. ಆದ್ದರಿಂದ ಕಂಪ್ಯೂಟರಿಗಷ್ಟೇ ಅಲ್ಲ, ರೌಟರಿಗೂ ಯುಪಿಎಸ್ ಜೋಡಿಸಿರಿ. ಕರೆಂಟ್ ನಂಬಲಾಗದ ದಿನಗಳಲ್ಲಿ ನಿಮ್ಮ ನೌಕೆಯನ್ನು ನಿಲ್ದಾಣದಲ್ಲೇ ಬಿಟ್ಟು, ಕಾಳಗಕ್ಕೆ ಆಟಗಾರರನ್ನು ಕರೆದೊಯ್ಯುವ ಆಟದೊಳಗಿನ ಸಂಸ್ಥೆಯಾದ ಫ್ರಂಟ್‌ಲೈನ್ ಸೊಲ್ಯೂಷನ್ಸ್ ಕೌಂಟರಿನಲ್ಲಿ ಹೆಸರು ಕೊಟ್ಟು ಅವರ ನೌಕೆಯಲ್ಲೇ ಕಾಳಗದ ವಲಯಕ್ಕೆ ಹೋಗಿರಿ. ಸತ್ತರೂ ಅವರೇ ಮತ್ತೆ ತಂದು ಇಳಿಸುತ್ತಾರೆ, ಆಟ ನಡುವೆ ನಿಂತುಹೋದರೂ ನಿಮ್ಮ ಸ್ವಂತ ನೌಕೆಗಾಗಲೀ ಗಾಡಿಗಾಗಲೀ ಅಪಾಯವಿರುವುದಿಲ್ಲ.