ಮಿದುಳಿನ ಪೊರೆಯಲ್ಲಿ ಕಪ್ಪು ಗಡ್ಡೆ

ಪ್ರಶ್ನೆ: ಅಕ್ಕನ ಮಿದುಳಿನ ಪೊರೆಯಿಂದ ಕಪ್ಪು ಗಡ್ಡೆ ತೆಗೆದರು. ಮೊದಲು ಮೆನಿಂಜಿಯೋಮಾ ಅಂದವರು ಈಗ ಮೆಲನೋಸೈಟೋಮಾ ಅನ್ನುತ್ತಾರೆ. ಚರ್ಮ, ಕಣ್ಣಿನ ಪರೀಕ್ಷೆ ಯಾಕೆ ಡಾಕ್ಟ್ರೇ?

ಉತ್ತರ: ನಿಮ್ಮ ಗಾಬರಿ ಅರ್ಥವಾಗುತ್ತದೆ. ಚರ್ಮಕ್ಕೆ ಬಣ್ಣ ಕೊಡುವಂಥ ಜೀವಕೋಶಗಳು ಮಿದುಳಿನ ಪೊರೆಯಲ್ಲೂ ಇರುತ್ತವೆ. ಮೆಲನೋಸೈಟೋಮಾ ಗಡ್ಡೆ ಹುಟ್ಟುವುದು ಅವುಗಳಿಂದಲೇ. ಸ್ಕ್ಯಾನಿನಲ್ಲಿ ಇದು ಪೊರೆಯ ಸಾಮಾನ್ಯ ಗಡ್ಡೆಯಾದ ಮೆನಿಂಜಿಯೋಮಾ ಥರವೇ ಕಾಣಬಹುದು. ನಾನೂ ಒಮ್ಮೆ ಹಾಗೇ ಅಂದುಕೊಂಡಿದ್ದೆ; ಆಪರೇಷನ್‌ನಲ್ಲಿ ಇದ್ದಿಲಿನಂಥ ಬಣ್ಣ ಕಂಡಾಗಲೇ ಗೊತ್ತಾಗಿದ್ದು. ಆ ಕಪ್ಪು ಬಣ್ಣದ ವಸ್ತು, ಅಂದರೆ ಮೆಲನಿನ್, ಜಾಸ್ತಿ ಇದ್ದರೆ ಎಂಆರ್‌ಐನಲ್ಲಿ ಟಿ1 ಅನ್ನುವ ಬಗೆಯ ಚಿತ್ರದಲ್ಲಿ ಬೆಳ್ಳಗೆ, ಟಿ2 ಬಗೆಯದರಲ್ಲಿ ಕಪ್ಪಗೆ ಕಾಣುತ್ತದೆ. ಆದರೂ ಕೊನೆಯ ಮಾತು ಬಯಾಪ್ಸಿಯದ್ದೇ.

ಚರ್ಮದ ಅಥವಾ ಕಣ್ಣಿನ ಮೆಲನೋಮಾ (ಬಣ್ಣದ ಜೀವಕೋಶಗಳ ಕ್ಯಾನ್ಸರ್) ಮಿದುಳಿಗೆ ಹರಡಿದರೂ ಗಡ್ಡೆ ಹೀಗೇ ಕಪ್ಪಗಿರಬಹುದು. ಅದಕ್ಕೇ ಆ ಪರೀಕ್ಷೆ, ದಯವಿಟ್ಟು ತಪ್ಪಿಸಬೇಡಿ. ಗಡ್ಡೆ ಪೂರ್ತಿ ಬಂದಿದೆಯಾ ಅಂತ ಸರ್ಜನ್‌ರನ್ನು ಕೇಳಿ. ಉಳಿದಿದ್ದರೆ ಸಾಮಾನ್ಯವಾಗಿ ರೇಡಿಯೇಷನ್ ಕೊಡುತ್ತಾರೆ. ವರ್ಷಗಳಾದ ಮೇಲೂ ಮರಳಬಹುದು. ಆರಾಮಾಗಿದ್ದಾರೆ ಅಂತ ಎಂಆರ್‌ಐ ಬಿಡಬೇಡಿ.