ಎರಡೇ ಚಪಾತಿ ತಿಂದರೂ ತೂಕ ಯಾಕೆ ಇಳಿಯಲ್ಲ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತೂಕದ ಬಗ್ಗೆಯೇ ಇವೆ. ಆಹಾರತಜ್ಞೆಯಾದ ನನಗೆ ಇದೇನೂ ಹೊಸದಲ್ಲ. ಮೂರು ಪತ್ರ ಆರಿಸಿಕೊಂಡಿದ್ದೇನೆ, ಕೊನೆಯಲ್ಲಿ ಎರಡು ಚುಟುಕು ಪ್ರಶ್ನೆ.

ಪ್ರಶ್ನೆ: ನನಗೆ 43 ವರ್ಷ. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಎತ್ತರ 155 ಸೆಂ.ಮೀ., ತೂಕ 74 ಕೆ.ಜಿ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಸ್ವಲ್ಪ ಅನ್ನ ಸಾರು, ರಾತ್ರಿ ಎರಡೇ ಚಪಾತಿ. ಆದರೂ ತೂಕ ಇಳಿಯುತ್ತಿಲ್ಲ. ಥೈರಾಯ್ಡ್ ನಾರ್ಮಲ್ ಇದೆ. ಮಂಡಿನೋವು ಶುರುವಾಗಿದೆ. ಮನೆಯಲ್ಲಿ ‘ಗಾಳಿ ಕುಡಿದರೂ ದಪ್ಪ ಆಗ್ತೀಯ’ ಅಂತ ನಗುತ್ತಾರೆ.
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರ ನೋಡಿ, ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆದು ಕಳಿಸಿ ಎಂದು ಕೇಳಿದ್ದೆ. ಅದರಲ್ಲಿ ಒಂದು ಭಾನುವಾರ ಇರಲೇಬೇಕು ಎಂದೂ ಹೇಳಿದ್ದೆ. ನೀವು ಅಳತೆ ಪುಸ್ತಕದ ಹಾಳೆ ಹರಿದು ಬರೆದು ಕಳಿಸಿದ್ದೀರಿ. ಒಂದು ಬದಿಯಲ್ಲಿ ಯಾರದೋ ಬ್ಲೌಸಿನ ತೋಳಿನ ಅಳತೆ, ಇನ್ನೊಂದು ಬದಿಯಲ್ಲಿ ನಿಮ್ಮ ಊಟ! ಪ್ರಾಮಾಣಿಕವಾಗಿ ಬರೆದಿದ್ದೀರಿ, ಅದಕ್ಕೆ ಮೆಚ್ಚಬೇಕು.

ಹಾಳೆಯಲ್ಲಿ ಚಪಾತಿ ನಿಜವಾಗಿಯೂ ಎರಡೇ. ಆದರೆ ಗಿರಾಕಿ ಬಂದಾಗಲೆಲ್ಲ ಟೀ. ದಿನಕ್ಕೆ ನಾಲ್ಕು, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. ಅಲ್ಲಿಗೆ 40 ಗ್ರಾಂ ಸಕ್ಕರೆ ಆಯಿತು. ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು. ಸಂಜೆ ಐದಕ್ಕೆ ಮಂಡಕ್ಕಿ ಮೆಣಸಿನಕಾಯಿ. ನಿಮ್ಮ ಊರಲ್ಲಿ ಅದನ್ನು ಬಿಡಿ ಅನ್ನೋ ಧೈರ್ಯ ನನಗಿಲ್ಲ. ಆದರೆ ಮೂರು ದಿನವೂ ಇದೆಯಲ್ಲ! ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಎಂದಿದ್ದೀರಿ. ತಲೆಗೆ ದಿನಕ್ಕೆ ಎಂಟು ಟೀ ಚಮಚ ಬಿತ್ತು. ಕೂತು ಕೆಲಸ ಮಾಡುವವರಿಗೆ ನಾಲ್ಕೈದು ಸಾಕು. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ ಇರುತ್ತದೆ, ಅದು ಶೇಂಗಾ ಎಣ್ಣೆಯಾಗಲಿ, ಗಾಣದ್ದಾಗಲಿ, ತುಪ್ಪವಾಗಲಿ. ‘ಗಾಣದ ಎಣ್ಣೆ, ಏನೂ ಆಗಲ್ಲ’ ಅಂತ ಧಾರಾಳವಾಗಿ ಸುರಿಯುವವರನ್ನು ತುಂಬಾ ನೋಡಿದ್ದೇನೆ.

ನನ್ನ ಕಣ್ಣು ಹೆಚ್ಚು ಹೊತ್ತು ನಿಂತದ್ದು ಇನ್ನೆರಡು ಸಾಲಿನ ಮೇಲೆ. ‘ಮೊದಲು ಕಾಲಲ್ಲಿ ತುಳಿಯುವ ಮಷಿನ್ ಇತ್ತು, ನಾಲ್ಕು ವರ್ಷದ ಹಿಂದೆ ಮೋಟಾರ್ ಹಾಕಿಸಿದೆ.’ ‘ಯಜಮಾನರು ಅಂಗಡಿ ಮುಚ್ಚಿ ಬರೋದು ಹತ್ತಕ್ಕೆ, ಊಟ ಮುಗಿಸಿ ಮಲಗೋದು ಹನ್ನೆರಡು, ಏಳೋದು ಐದಕ್ಕೆ.’ ದಿನವೆಲ್ಲ ಮೆಲ್ಲಗೆ ಆಗುತ್ತಿದ್ದ ದುಡಿಮೆ ನಿಂತಿತು, ಊಟ ಮಾತ್ರ ಹಾಗೇ ಉಳಿಯಿತು. ನಿದ್ದೆಯೋ ಐದೇ ಗಂಟೆ. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನ್ ಏರುತ್ತದೆ, ಹೊಟ್ಟೆ ತುಂಬಿತು ಎಂದು ಹೇಳುವ ಲೆಪ್ಟಿನ್ ಇಳಿಯುತ್ತದೆ. ಸಂಜೆ ಐದಕ್ಕೆ ಮಿರ್ಚಿ ಕರೆಯುವುದರಲ್ಲಿ ನಿಮ್ಮ ನಾಲಿಗೆಯ ತಪ್ಪಷ್ಟೇ ಇಲ್ಲ, ನಿದ್ದೆಯದೂ ಇದೆ. ನಗುವವರಿಗೆ ಇದನ್ನು ಓದಿ ಹೇಳಿ.

ಟೇಪು ನಿಮ್ಮ ಕೊರಳಲ್ಲೇ ಇರುತ್ತೆ ಅಲ್ವಾ? ಸೊಂಟದ ಅಳತೆ ತೆಗೆಯಿರಿ. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಬೇಡ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಹಿಡಿಯಿರಿ, ಉಸಿರು ಬಿಟ್ಟ ಮೇಲೆ ನೋಡಿ. ನಮ್ಮ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಎಚ್ಚರ ಬೇಕು. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಸುಮಾರು 31. ನಮ್ಮವರಿಗೆ 23 ದಾಟಿದರೆ ಹೆಚ್ಚು ತೂಕ, 25ಕ್ಕೆ ಬೊಜ್ಜು. ಪಾಶ್ಚಾತ್ಯರಿಗೆ ಇಟ್ಟ 30ರ ಗೆರೆ ನಮಗೆ ಹೊಂದುವುದಿಲ್ಲ. ನೋಡಲು ತೆಳ್ಳಗಿದ್ದರೂ ನಮ್ಮ ಜನರಿಗೆ ಹೊಟ್ಟೆಯೊಳಗೆ ಕೊಬ್ಬು ಬೇಗ ಸೇರುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಲಿವರಿನ ಕೊಬ್ಬು, ಗೊರಕೆಯ ಜೊತೆ ಉಸಿರು ಕಟ್ಟುವುದು, ಎಲ್ಲಕ್ಕೂ ಅದೇ ದಾರಿ. ಆದ್ದರಿಂದ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮತ್ತು ಬಿಪಿ ಒಮ್ಮೆ ನೋಡಿಸಿ. ಗೊರಕೆ ಇದ್ದರೆ ಡಾಕ್ಟರಿಗೆ ಹೇಳಿ.

ಇನ್ನು ಮಾಡಬೇಕಾದ್ದು. ಡಯಟ್ ಚಾರ್ಟ್ ಕೊಡಲ್ಲ. ಚಾರ್ಟ್ ಬರೆಯೋಕೆ ಐದು ನಿಮಿಷ ಸಾಕು, ನಿಮ್ಮ ದಿನ ಅದಕ್ಕೆ ಬಗ್ಗಬೇಕಲ್ಲ! ಮೊದಲ ತಿಂಗಳು ಎರಡೇ ಬದಲಾವಣೆ. ಯಜಮಾನರಿಗೆ ಕಾಯದೆ ಎಂಟಕ್ಕೆ ಮಕ್ಕಳ ಜೊತೆ ಊಟ ಮಾಡಿ, ಹತ್ತೂವರೆಗೆ ಮಲಗಿ. ಅವರಿಗೆ ಬಡಿಸಿಕೊಳ್ಳಲು ಬರುತ್ತದೆ, ನಂಬಿ. ಎರಡನೆಯದು, ಮೋಟಾರ್ ಬೆಲ್ಟ್ ಬಿಚ್ಚಿ ಫಾಲ್ಸ್, ಹೆಮ್ಮಿಂಗಿನಂಥ ಕೆಲಸವನ್ನು ಕಾಲಲ್ಲೇ ತುಳಿದು ಮಾಡಿ. ತುಳಿಯುವಾಗ ಮಂಡಿ ನೋಯುತ್ತಿದ್ದರೆ ಇದು ಬೇಡ, ಸಮತಟ್ಟು ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಡೆಯಿರಿ. ಮುಂದಿನ ತಿಂಗಳು ಟೀ ಸಕ್ಕರೆ ಮತ್ತು ಎಣ್ಣೆ ಡಬ್ಬದ ಸರದಿ. ಮಧ್ಯಾಹ್ನ ಅನ್ನದ ಜೊತೆ ಹೆಸರುಕಾಳಿನ ಪಲ್ಯವೋ ಮೊಸರೋ ಇದ್ದರೆ ಐದು ಗಂಟೆಯ ಹಸಿವು ತಾನಾಗೇ ತಗ್ಗುತ್ತದೆ.

ಗುರಿ 50 ಕೆ.ಜಿ. ಅಲ್ಲ. ಆರು ತಿಂಗಳಲ್ಲಿ ನಾಲ್ಕೈದು ಕೆ.ಜಿ. ಇಳಿದರೂ ದೊಡ್ಡದು. ಒಂದು ಕೆ.ಜಿ. ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕೆ.ಜಿ.ಯಷ್ಟು ತಗ್ಗುತ್ತದೆ. ಮುಳ್ಳು ಕದಲದಿದ್ದರೂ ಬೇಸರ ಬೇಡ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ನಡೆದ ಭಾರತದ್ದೇ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನಡಿಗೆ, ಊಟದ ಸಲಹೆ ಪಾಲಿಸಿದವರಲ್ಲಿ ಕಾಯಿಲೆ ಬರುವ ಸಾಧ್ಯತೆ ಶೇ. 28ರಷ್ಟು ಕಡಿಮೆಯಾಗಿತ್ತು. ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ.

ಪ್ರಶ್ನೆ: ಮಗನಿಗೆ 11 ವರ್ಷ, 52 ಕೆ.ಜಿ. ಎಲ್ಲರೂ ‘ಗುಂಡಣ್ಣ’ ಅಂತಾರೆ. ರಾತ್ರಿ ಊಟ ಬಿಡಿಸಲೇ? ಅತ್ತೆ ಮಾತ್ರ ‘ಬೆಳೆಯೋ ಮಗು, ತಿನ್ನಲಿ’ ಅಂತಾರೆ.
— ಓದುಗರು, ಹಾಸನ

ಉತ್ತರ: ಊಟ ಬಿಡಿಸಬೇಡಿ. ಆ ಹೆಸರನ್ನು ಇವತ್ತೇ ಬಿಡಿಸಿ. ಹೀಯಾಳಿಕೆ ಕೇಳಿದ ಮಕ್ಕಳು ಆಟ ಬಿಟ್ಟು ಮೂಲೆ ಸೇರುತ್ತಾರೆ, ಕದ್ದು ತಿನ್ನುವುದನ್ನು ಕಲಿಯುತ್ತಾರೆ. ಮಕ್ಕಳಿಗೆ ದೊಡ್ಡವರ ಬಿಎಂಐ ಲೆಕ್ಕ ನಡೆಯುವುದಿಲ್ಲ. ವಯಸ್ಸು, ಎತ್ತರಕ್ಕೆ ತಕ್ಕ ಚಾರ್ಟನ್ನು ಮಕ್ಕಳ ಡಾಕ್ಟರ್ ನೋಡಬೇಕು. ಇವನು ಇನ್ನೂ ಉದ್ದ ಬೆಳೆಯುವವನು. ತೂಕ ಏರದಂತೆ ನೋಡಿಕೊಂಡರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಅತ್ತೆಯವರ ಜೊತೆ ಜಗಳ ಬೇಡ, ಅವರನ್ನೇ ಉಸ್ತುವಾರಿಗೆ ಹಾಕಿ. ಬಿಸ್ಕತ್ತು, ಪ್ಯಾಕೆಟ್ ಜ್ಯೂಸು ಮನೆಗೇ ಬರಬಾರದು. ನಾಲ್ಕು ಗಂಟೆಗೆ ಅಜ್ಜಿ ಕೈಯ ಕಡಲೆಕಾಳು ಉಸುಳಿ ಇರಲಿ. ಉಣ್ಣುವಾಗ ಟಿವಿ ಬೇಡ, ದೊಡ್ಡವರಿಗೂ. ದಿನಕ್ಕೆ ಒಂದು ಗಂಟೆ ಮೈ ಬೆವರುವಷ್ಟು ಆಟ ಬೇಕು, ಟ್ಯೂಷನ್ ಒಂದು ಕಮ್ಮಿಯಾದರೂ ಪರವಾಗಿಲ್ಲ.

ಪ್ರಶ್ನೆ: 34 ವರ್ಷ, ಐಟಿ ಕೆಲಸ. ಮೂರು ತಿಂಗಳ ಆನ್‌ಲೈನ್ ಕೋಚಿಂಗ್‌ಗೆ 18 ಸಾವಿರ ಕೊಟ್ಟೆ. ಎರಡು ಹೊತ್ತು ಶೇಕ್ ಪುಡಿ, ಒಂದು ಹೊತ್ತು ಊಟ. 8 ಕೆ.ಜಿ. ಇಳಿದೆ, ವರ್ಷದೊಳಗೆ 9 ಏರಿದೆ. ಈಗ ಇಂಜೆಕ್ಷನ್ ತಗೊಳ್ಳಲೇ?
— ಬೆಂಗಳೂರು

ಉತ್ತರ: ತೂಕ ಗಡಿಬಿಡಿಯಲ್ಲಿ ಇಳಿದರೆ ದೇಹ ಸುಮ್ನೆ ಇರಲ್ಲ. ಹಸಿವು ಜಾಸ್ತಿ ಮಾಡುತ್ತದೆ, ಖರ್ಚಾಗುವ ಕ್ಯಾಲೊರಿ ಕಡಿಮೆ ಮಾಡುತ್ತದೆ. ಪುಡಿ ನಿಂತ ದಿನ ನಿಮಗೆ ಗೊತ್ತಿದ್ದದ್ದು ಹಳೆಯ ಊಟವೊಂದೇ. ಹೊಸದೇನನ್ನೂ ಅವರು ಕಲಿಸಿರಲಿಲ್ಲ. ನನ್ನ ಪ್ರಕಾರ ಪುಡಿ ಮಾರುವವರು ಕೋಚ್ ಅಲ್ಲ, ವ್ಯಾಪಾರಿ. ಮುಂದೆ ಯಾರ ಬಳಿ ಹೋದರೂ ಗಮನಿಸಿ: ನಿಮ್ಮ ಶಿಫ್ಟು, ನಿದ್ದೆ, ಕುಡಿತ, ನುಂಗುವ ಮಾತ್ರೆಗಳ ಬಗ್ಗೆ ಕೇಳಿದರಾ? ಸ್ಟಿರಾಯ್ಡ್, ಕೆಲವು ಮಾನಸಿಕ ಕಾಯಿಲೆಯ ಔಷಧಿಗಳು ತೂಕ ಏರಿಸುತ್ತವೆ. ರಕ್ತಪರೀಕ್ಷೆ ನೋಡಿದರಾ? ಬಿಪಿ ಮಾತ್ರೆ ಬಿಡಿ ಎಂದವರ ಹತ್ತಿರ ಎರಡನೇ ಸಲ ಹೋಗಬೇಡಿ.

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳು ತೂಕಕ್ಕೆಂದು ನಮ್ಮಲ್ಲಿ 2025ರಿಂದ ಸಿಗುತ್ತಿವೆ. ಕೆಲಸ ಮಾಡುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವರ್ಷದೊಳಗೆ ವಾಪಸ್ ಬಂದದ್ದನ್ನು ಒಂದು ಅಧ್ಯಯನ ತೋರಿಸಿದೆ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಆದ್ದರಿಂದ ಹಾರ್ಮೋನ್ ತಜ್ಞರ ಚೀಟಿ ಇಲ್ಲದೆ ಬೇಡ. ತಗೊಂಡರೂ ಬೇಳೆ, ಮೊಟ್ಟೆ, ಮೊಸರು ತಪ್ಪಬಾರದು, ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ ಬೇಕು.

ಚುಟುಕು

*ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿದರೆ ಕೊಬ್ಬು ಕರಗುತ್ತಾ?* ಇಲ್ಲ. ಜೇನೂ ಸಕ್ಕರೆಯೇ. ಬಿಸಿನೀರು ಬೇಕಾದರೆ ಕುಡಿಯಿರಿ.

*ಅನ್ನ ಬಿಟ್ಟು ಮುದ್ದೆ ತಿಂದರೆ?* ಕ್ಯಾಲೊರಿಯಲ್ಲಿ ಅಕ್ಕಿಗೂ ರಾಗಿಗೂ ದೊಡ್ಡ ವ್ಯತ್ಯಾಸ ಇಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬುತ್ತದೆ. ಒಂದು ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಚೆನ್ನಾಗಿರುತ್ತದೆ. ಅದರ ಮೇಲೆ ‘ಸ್ವಲ್ಪ’ ಅನ್ನ ಬೇಡ.