ಸಂಪಾದಕರ ಉತ್ತರ: ‘ನಾವು ಮಾಡಿದ ಆಟ ಎಲ್ಲೈತ್ರಿ ಇದರಾಗ?’

ನವನಗರದ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: “ನೌಕರಿಯ ನಿಮಿತ್ತ ಮೈಸೂರಿನಿಂದ ಬಾಗಲಕೋಟೆಗೆ ಬಂದು ಎರಡು ವರ್ಷವಾಯಿತು. ಹೋಳಿ ಹಬ್ಬವೊಂದನ್ನು ಬಿಟ್ಟರೆ ಈ ಊರಿನಲ್ಲಿ ಕಲೆಯ ಸುಳಿವೇ ಕಾಣಲಿಲ್ಲ. ಏನಾದರೂ ನಡೆದರೆ ಅದು ನಡೆದುಹೋದ ಮೇಲೆ ನಮಗೆ ತಿಳಿಯುತ್ತದೆ. ಸರ್ಕಾರ ಇಲ್ಲಿಯೂ ಒಂದು ದೊಡ್ಡ ಉತ್ಸವ ಮಾಡಬಾರದೇ? ನಿಮ್ಮ ಪತ್ರಿಕೆಯಾದರೂ ಈ ಬಗ್ಗೆ ಏಕೆ ಬರೆಯುವುದಿಲ್ಲ?”

ಮಾನ್ಯರೇ,

ತಮ್ಮ ಮೊದಲ ಮಾತನ್ನು ನಾನು ಒಪ್ಪುವುದಿಲ್ಲ. ಎರಡನೆಯದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಉತ್ಸವದ ಮಾತಿಗೆ ತಕರಾರಿದೆ. ಕೊನೆಯ ಪ್ರಶ್ನೆ ನೇರವಾಗಿ ನನಗೇ ಬಂದು ತಾಗುವಂಥದ್ದು, ಆದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಬರೆಯುವುದಿಲ್ಲ ಎಂದೇನೂ ಅಲ್ಲ, ಬರೆದಿದ್ದೇವೆ. ಹೇಗೆ ಬರೆದಿದ್ದೇವೆ ಎಂಬುದನ್ನು ಹೇಳಿಬಿಡುತ್ತೇನೆ. ಕಳೆದ ಚಳಿಗಾಲದಲ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ನಡೆದ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ಬಗ್ಗೆ ನಮ್ಮಲ್ಲಿ ಒಂದು ವರದಿ ಬಂದಿತ್ತು. ಅದು ಅಚ್ಚಾದ ಕೆಲ ದಿನಗಳ ಮೇಲೆ ಆ ಮೇಳದ ಹಾರ್ಮೋನಿಯಂ ಮಾಸ್ತರರು, ಎಪ್ಪತ್ತರ ಹತ್ತಿರದ ಹಿರಿಯರು, ಕಚೇರಿಗೆ ಬಂದು ಸಂಚಿಕೆಯನ್ನು ಮೇಜಿನ ಮೇಲೆ ಹರವಿ, ಸಾಲುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಸಾನ್ನಿಧ್ಯ ವಹಿಸಿದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ಉಪಸ್ಥಿತರಿದ್ದವರು. ಕೊನೆಗೆ ‘ನಂತರ ಪಾರಿಜಾತ ಪ್ರದರ್ಶನ ಜರುಗಿತು’ ಎಂಬ ಒಂದು ಸಾಲು. “ನಾವು ಮಾಡಿದ ಆಟ ಎಲ್ಲೈತ್ರಿ ಇದರಾಗ?” ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ಹಿರಿಯ ಕಲಾವಿದರ ಮಾಸಾಶನಕ್ಕೆ ಅವರು ಅರ್ಜಿ ಹಾಕುವವರಿದ್ದರು. ಅರ್ಜಿಯ ಜೊತೆಗೆ ತಾವು ಕಲಾಸೇವೆ ಮಾಡಿದ್ದಕ್ಕೆ ಆಧಾರ ಲಗತ್ತಿಸಬೇಕು, ಆ ಆಧಾರಗಳಲ್ಲಿ ಪತ್ರಿಕೆಯ ತುಣುಕೂ ಒಂದು. ಫೋಟೊದಲ್ಲಾದರೂ ಇರಬಹುದೆಂದು ಇಬ್ಬರೂ ಕೂಡಿ ಹುಡುಕಿದೆವು. ಶಾಲು ಹೊದ್ದ ಗಣ್ಯರ ಸಾಲಿನ ಹಿಂದೆ, ಎಡಮೂಲೆಯಲ್ಲಿ ಅರ್ಧ ಹಾರ್ಮೋನಿಯಂ ಮತ್ತು ಅದರ ಮೇಲೊಂದು ಕೈ ಕಂಡಿತು. “ಈ ಕೈ ನಂದೇ ಐತ್ರಿ” ಎಂದು ಅವರು ನಕ್ಕರು. ನನಗೆ ನಗಲಾಗಲಿಲ್ಲ.

ಆ ರಾತ್ರಿ ಏನು ನಡೆಯಿತೆಂದು ಬರೆಯುವುದು ಕಷ್ಟವೇನೂ ಆಗಿರಲಿಲ್ಲ. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಕಥೆ ಎಂದರೆ ಅಷ್ಟೇ. ಅಪರಾಳ ತಮ್ಮಣ್ಣ ರಚಿಸಿದ ಈ ಆಟವನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿ ಜನರ ನಡುವೆ ತಂದರು. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ರಂಗಕ್ಕೆ ಬಂದು ತಮ್ಮದೇ ಮೇಳ ಕಟ್ಟಿ ಊರೂರು ತಿರುಗಿದರು. ಹಾಡು ಹಳೆಯದಾದರೂ ಗೊಲ್ಲತಿ ಮತ್ತು ಭಾಗವತರ ನಡುವಿನ ಮಾತು ಆ ಹೊತ್ತಿಗೆ, ಆ ಊರಿಗೆ ತಕ್ಕಂತೆ ಹುಟ್ಟುತ್ತದೆ. ಊರ ಕೆರೆಯ ಹೂಳು, ಬಾರದ ಬಸ್ಸು, ಮುಂದಿನ ಸಾಲಿನಲ್ಲಿ ಕುಳಿತ ಸಾಹುಕಾರನ ಹೊಸ ಗಾಡಿ, ಯಾವುದೂ ಅದರಲ್ಲಿ ತಪ್ಪಿಸಿಕೊಳ್ಳುವುದಿಲ್ಲ. ಅಂದು ಗೊಲ್ಲತಿಯ ಪಾತ್ರಧಾರಿ ಸ್ವಾಗತಭಾಷಣ ಮಾಡಿದವರನ್ನೇ ಹಿಡಿದುಕೊಂಡು ಹತ್ತು ನಿಮಿಷ ಜನರನ್ನು ನಗಿಸಿದಳಂತೆ. ನಮ್ಮ ವರದಿಗಾರ ಅಷ್ಟು ಹೊತ್ತಿಗಾಗಲೇ ಮನೆಗೆ ಹೋಗಿದ್ದ.

ಇನ್ನು, ಈ ಊರಿನಲ್ಲಿ ಕಲೆಯಿಲ್ಲ ಎಂಬ ಮಾತು. ಹೋಳಿಯನ್ನು ತಾವು ನೋಡಿದ್ದೀರಿ. ಬಣ್ಣದ ಭರಾಟೆಯಲ್ಲಿ ಹಲಗೆಯನ್ನು ಕಿವಿಗೊಟ್ಟು ಕೇಳಿದ್ದೀರಾ? ಬಳೆಗೆ ಬಿಗಿದ ಚರ್ಮವನ್ನು ಬೆಂಕಿಯ ಮುಂದೆ ಹಿಡಿದು, ತಿರುಗಿಸಿ, ಬೆರಳಿನಿಂದ ತಟ್ಟಿ, ದನಿ ಸಡಿಲವೆನಿಸಿದರೆ ಮತ್ತೆ ಕಾಯಿಸುವ ಹಲಗೆಯವನ ತಾಳ್ಮೆಗೂ ತಬಲಾ ಶ್ರುತಿ ಮಾಡುವವನ ತಾಳ್ಮೆಗೂ ವ್ಯತ್ಯಾಸವಿಲ್ಲ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂಬ ಐದು ಕಡೆಯ ಮಂದಿ ತಮ್ಮ ತಮ್ಮ ಮೇಳವನ್ನು ಪಣಕ್ಕೆ ಬಿದ್ದವರಂತೆ ಸಜ್ಜುಗೊಳಿಸುತ್ತಾರೆ. ಹೋಳಿ ಮುಗಿದ ಮೇಲೆ ಈ ವಾದಕರನ್ನು ಕೇಳುವವರಿಲ್ಲ, ಅದು ನಿಜ. ಆದರೆ ಕೇಳುವವರಿಲ್ಲ ಎನ್ನುವುದು ಬೇರೆ, ಕಲೆಯಿಲ್ಲ ಎನ್ನುವುದು ಬೇರೆ.

ಸುದ್ದಿ ತಮಗೆ ತಲುಪದಿರುವುದಕ್ಕೆ ಈ ಊರಿನದೇ ಆದ ಒಂದು ಕಾರಣವಿದೆ, ಹೊರಗಿನಿಂದ ಬಂದವರಿಗೆ ಅದು ಸುಲಭವಾಗಿ ಕಾಣುವಂಥದ್ದಲ್ಲ. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಡೆಯಾಗಿ ನವನಗರ ಹುಟ್ಟಿತು. ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆಯವರು ಬೇರೆ ಬೇರೆ ಸೆಕ್ಟರುಗಳಿಗೆ ಹಂಚಿಹೋದರು. ಪೇಟೆಯ ಓಣಿಯಲ್ಲಿ ಇಂದು ರಾತ್ರಿ ಭಜನೆಯಿದೆ, ನಾಳೆ ಗೀಗೀ ಮೇಳ ಬರುತ್ತದೆ ಎಂಬುದನ್ನು ಯಾರೂ ಸಾರಬೇಕಾಗಿರಲಿಲ್ಲ. ನೀರಿಗೆ ಹೋದವರು, ಕಟ್ಟೆಯ ಮೇಲೆ ಕುಳಿತವರು ಸಂಜೆಯೊಳಗೆ ಊರಿಗೆಲ್ಲ ಮುಟ್ಟಿಸುತ್ತಿದ್ದರು. ಸೆಕ್ಟರಿಗೆ ನಂಬರು ಇದೆ, ಅಗಲವಾದ ರಸ್ತೆ ಇದೆ, ಕಟ್ಟೆ ಇಲ್ಲ. ಕಟ್ಟೆಯ ಕೆಲಸವನ್ನು ಪತ್ರಿಕೆ ಮಾಡಬೇಕಾಗಿತ್ತು. ನಾವು ಮಾಡಲಿಲ್ಲ. ಬಯಲಾಟ ಅಕಾಡೆಮಿ ಇರುವುದು ಬೆಂಗಳೂರಿನಲ್ಲಲ್ಲ, ಬಾಗಲಕೋಟೆಯಲ್ಲೇ ಎಂಬುದು ಎರಡು ವರ್ಷ ಇಲ್ಲಿದ್ದ ತಮಗೆ ಗೊತ್ತಾಗಿರಲಿಕ್ಕಿಲ್ಲ ಎಂದರೆ ತಪ್ಪು ನಮ್ಮದೇ.

ಪ್ರಚಾರ ಹೇಗೆ ಮಾಡಬೇಕೆಂಬುದನ್ನು ಕಲಿಯಲು ದೂರ ಹೋಗಬೇಕಾಗಿಯೂ ಇಲ್ಲ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ ಬನ್ನಿ. ವೃತ್ತಿ ನಾಟಕ ಕಂಪನಿಗಳು ಒಂದರ ಪಕ್ಕ ಒಂದು ತಗಡಿನ ಥಿಯೇಟರು ಹಾಕಿಕೊಂಡು ಕ್ಯಾಂಪು ಮಾಡಿರುತ್ತವೆ. ಮೈಕು ಕಟ್ಟಿದ ಗಾಡಿ ಸುತ್ತಲಿನ ಹಳ್ಳಿಗಳಿಗೆ ಹೋಗಿ ಇಂದಿನ ನಾಟಕ ಯಾವುದು, ಹಾಸ್ಯಪಾತ್ರಕ್ಕೆ ಯಾರು, ಆಟ ಎಷ್ಟು ಗಂಟೆಗೆ ಎಂದು ಸಾರುತ್ತದೆ. ಆ ಕೂಗಿನಲ್ಲಿ ಉದ್ಘಾಟಕರ ಹೆಸರಿರುವುದಿಲ್ಲ, ನಟರ ಹೆಸರಿರುತ್ತದೆ. ಟಿಕೆಟ್ಟು ತೆಗೆದುಕೊಂಡೇ ಜನ ಒಳಗೆ ಹೋಗುತ್ತಾರೆ, ಕೊಟ್ಟ ದುಡ್ಡಿಗೆ ನಾಟಕ ಮುಟ್ಟಲಿಲ್ಲವೆಂದರೆ ಅಲ್ಲೇ ಕೂಗಿ ಹೇಳುತ್ತಾರೆ. ಅದೇ ಜನ, ನನ್ನನ್ನೂ ಸೇರಿಸಿ, ನಮ್ಮೂರ ಕಲಾಭವನದಲ್ಲಿ ಟಿಕೆಟ್ಟಿನ ನಾಟಕವೆಂದರೆ ಪಾಸು ಎಲ್ಲಿ ಸಿಗುತ್ತದೆಂದು ಫೋನು ಮಾಡುತ್ತೇವೆ. ಇದಕ್ಕೆ ಕಾರಣ ಬಡತನವಲ್ಲ. ಊರೊಳಗಿನ ಕಲೆ ಪುಕ್ಕಟೆಯೆಂಬ ರೂಢಿ ಯಾವಾಗಲೋ ಬಿದ್ದುಹೋಗಿದೆ. ಕಂದಗಲ್ಲ ಹನುಮಂತರಾಯರು, ಸೂಳೇಭಾವಿಯ ಧುತ್ತರಗಿಯವರು ಕಂಪನಿಗಳಿಗೆ ನಾಟಕ ಬರೆದುಕೊಟ್ಟದ್ದು ಟಿಕೆಟ್ಟು ಕೊಂಡು ಬರುವ ಇದೇ ಸೀಮೆಯ ಪ್ರೇಕ್ಷಕನನ್ನು ನಂಬಿಕೊಂಡು. (ಕಂದಗಲ್ಲರ ಹೆಸರಿನ ರಂಗಮಂದಿರ ವಿಜಯಪುರದಲ್ಲಿದೆ, ಅವರ ಊರು ನಮ್ಮ ಜಿಲ್ಲೆಯಲ್ಲಿದೆ. 1997ರಲ್ಲಿ ವಿಜಯಪುರದಿಂದ ನಮ್ಮ ಜಿಲ್ಲೆ ಬೇರೆಯಾದಾಗ ರಂಗಮಂದಿರವನ್ನು ಪಾಲು ಕೇಳುವ ಹಾಗಿರಲಿಲ್ಲ.)

ದೊಡ್ಡ ಉತ್ಸವ ಬೇಕೆಂದಿದ್ದೀರಿ. ಚಾಲುಕ್ಯರ ಹೆಸರಿನಲ್ಲಿ ಒಂದು, ಮುಧೋಳದ ರನ್ನನ ಹೆಸರಿನಲ್ಲಿ ಒಂದು, ಉತ್ಸವಗಳು ಜಿಲ್ಲೆಯಲ್ಲಿ ಇವೆ, ಇರಲಿ. ಉತ್ಸವ ಎರಡು ಮೂರು ದಿನದ್ದು. ಮೇಳವೊಂದು ಜೀವ ಹಿಡಿದುಕೊಂಡಿರಬೇಕಾದರೆ ವರ್ಷದುದ್ದಕ್ಕೂ ಆಟಗಳು ಬೇಕು, ಮುಂಚೆಯೇ ಮುಂಗಡ ಹಣ ಕೊಟ್ಟು ತಾರೀಖು ಗೊತ್ತುಮಾಡುವ ಊರುಗಳು ಬೇಕು, ಬೆಳಗಿನ ತನಕ ಕೂಡುವ ಮಂದಿ ಬೇಕು. ಬೆಳಗಿನ ತನಕ ಎಂಬುದು ಹೆಚ್ಚಾಯಿತೆನ್ನಬಹುದು, ನೌಕರಿಯವರ ಕಷ್ಟ ನನಗೆ ಗೊತ್ತು. ಎರಡೂವರೆ ತಾಸಿಗೆ ಆಟವನ್ನು ಹೊಂದಿಸಿಕೊಳ್ಳಲು ಒಪ್ಪುವ ಮೇಳಗಳೂ ಇವೆ. ಆದರೆ ಇಪ್ಪತ್ತು ನಿಮಿಷಕ್ಕೆ ಮುಗಿಸಿ ಎಂದು ವೇದಿಕೆಯ ಮಗ್ಗುಲಿನಿಂದ ಚೀಟಿ ಕಳಿಸುವುದು ಕಲೆಗೆ ಪ್ರೋತ್ಸಾಹವಲ್ಲ. ಸತ್ಯಭಾಮೆಗೆ ಮುನಿಸಿಕೊಳ್ಳಲು ಅಷ್ಟು ಹೊತ್ತು ಸಾಲುವುದಿಲ್ಲ.

ಈ ಸಂಚಿಕೆಯಿಂದ ನಾವು ಬದಲಿಸಿಕೊಂಡಿರುವುದನ್ನು ಹೇಳುತ್ತೇನೆ. ಮುಂದಿನ ತಿಂಗಳು ಜಿಲ್ಲೆಯಲ್ಲಿ ನಡೆಯಲಿರುವ ಆಟ, ನಾಟಕ, ಸಂಗೀತ, ಚಿತ್ರಪ್ರದರ್ಶನಗಳಿಗೆ ಅರ್ಧ ಪುಟ ಮೀಸಲು. ಇಷ್ಟು ದಿನ ಅದು ಅಭಿನಂದನೆಯ ಜಾಹೀರಾತುಗಳಿಗೆ ಹೋಗುತ್ತಿತ್ತು, ನಷ್ಟವನ್ನು ಹೇಗೋ ಸರಿದೂಗಿಸುತ್ತೇವೆ. ಮಾಹಿತಿ ನಮಗೆ ಹದಿನೈದು ದಿನ ಮುಂಚೆ ತಲುಪಬೇಕು. ಅದರಲ್ಲಿ ಸ್ಥಳ, ಟಿಕೆಟ್ಟಿನ ದರ, ಆಹ್ವಾನಪತ್ರಿಕೆಯ ಹೊತ್ತಲ್ಲದೆ ನಿಜವಾಗಿ ತೆರೆ ಏಳುವ ಹೊತ್ತು, ಮತ್ತು ಹಿಮ್ಮೇಳದವರನ್ನೂ ಸೇರಿಸಿ ಕಲಾವಿದರೆಲ್ಲರ ಹೆಸರು ಇರಬೇಕು. ಪ್ರದರ್ಶನದ ವರದಿ ಬರೆಯುವವರು ಕೊನೆಯ ಮಂಗಳದವರೆಗೆ ಕೂಡಬೇಕು, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲವೆಂದೇ ಬರೆಯಬೇಕು. ‘ಜನಮನ ರಂಜಿಸಿತು’ ಎಂಬ ಮಾತನ್ನು ನಮ್ಮ ಕಚೇರಿಯಲ್ಲಿ ನಿಷೇಧಿಸಿದ್ದೇನೆ.

ತಮ್ಮಿಂದಲೂ ಒಂದು ಕೆಲಸ ಆಗಬೇಕು. ತಮ್ಮ ಸೆಕ್ಟರಿನ ಗಣಪತಿ ಮಂಡಳಿಯಲ್ಲಿ ತಾವಿದ್ದೀರೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಈ ವರ್ಷ ಡಿಜೆಗೆಂದು ಎತ್ತಿಡುವ ಪಟ್ಟಿಯ ಹಣದಲ್ಲಿ ಒಂದು ರಾತ್ರಿಯ ಪಾಲನ್ನು ಪಾರಿಜಾತಕ್ಕೆ ತೆಗೆದಿಡಿ. ಸಂಭಾವನೆಯ ಜೊತೆಗೆ ಗಾಡಿಬಾಡಿಗೆ ಮತ್ತು ಊಟದ ಮಾತನ್ನೂ ಮೊದಲೇ ಆಡಿಕೊಳ್ಳಿ, ಹಣವನ್ನು ಆಟ ಮುಗಿದ ರಾತ್ರಿಯೇ ಕೈಯಲ್ಲಿಡಿ. ಹಾರ್ಮೋನಿಯಂ ಮಾಸ್ತರರ ಮೇಳದ ವಿಳಾಸ ನನ್ನ ಬಳಿ ಇದೆ, ಕಚೇರಿಗೆ ಬಂದರೆ ಕೊಡುತ್ತೇನೆ. ತಾರೀಖು ಗೊತ್ತಾದ ಕೂಡಲೇ ನಮಗೆ ತಿಳಿಸಿ, ಅರ್ಧ ಪುಟದಲ್ಲಿ ಅದನ್ನೇ ಮೊದಲು ಹಾಕುತ್ತೇವೆ. ಫೋಟೊಕ್ಕೆ ನಮ್ಮವರೇ ಬರುತ್ತಾರೆ, ಹಾರ್ಮೋನಿಯಂ ಎದುರಿಗೇ ಕುಳಿತುಕೊಳ್ಳಲು ಹೇಳಿದ್ದೇನೆ. ಉದ್ಘಾಟಕರ ಹೆಸರನ್ನೂ ಕಳಿಸಿರಿ, ಜಾಗ ಉಳಿದರೆ ಹಾಕೋಣ.

– ಸಂಪಾದಕ